ಮಳಿ ರೊಕ್ಕ

ಚೀಲ ಕೈಗೆ ಬಂದ ಕೂಡಲೇ ರಿಯಾಜನಿಗೆ ಅದು ಹಗುರ ಅನ್ನಿಸಿತು. ಸರೋಜವ್ವನ ಖಾನಾವಳಿಗೆ ಹೋಗುವ ಚೀಲ ಎಂದೂ ಹಗುರ ಇದ್ದದ್ದಿಲ್ಲ. ಎಣ್ಣೆ, ಬೇಳೆ, ಸಕ್ಕರೆ ಅಂತ ಹೆಗಲು ಜಗ್ಗುತ್ತಿತ್ತು. ಅದೂ ಅಲ್ಲದೆ, ಮನೆಬಾಗಿಲಿಗೆ ಸಾಮಾನು ಮುಟ್ಟಿಸುವ ಈ ಕಂಪನಿಯ ಮೇಲೆ ಹಾವೇರಿಯ ಗ್ರಾಹಕರ ಕೋರ್ಟಿಗೆ ಹೋದಾಗಿನಿಂದ ಆಕೆ ಆ್ಯಪಿನಲ್ಲಿ ಒಂದು ಕಡ್ಡಿಪೆಟ್ಟಿಗೆ ಕೂಡ ತರಿಸಿರಲಿಲ್ಲ.

"ಇದನ್ನ ಯಾರು ಆರ್ಡರ್ ಮಾಡ್ಯಾರ್ರಿ ಸರ?"

"ನಾವ." ಗೋದಾಮಿನ ಮ್ಯಾನೇಜರ್ ಮಾಲತೇಶ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದ. "ಹಳೇ ಗಿರಾಕಿ, ಸಿಟ್ಟಾಗ್ಯಾಳ. ಒಂದು ಡಬ್ಬಿ ಪೇಡೆ ಇಟ್ಟೇನಿ. ಕೊಟ್ಟು ಒಟಿಪಿ ಹಾಕ್ಕೊಂಡು ಬಾ, ಸಾಕು."

"ನಾಳೆ ಕೋರ್ಟಿನ ತಾರೀಖು ಐತ್ರಿ ಅಕಿದು."

"ನಿಂದೂ ಐತಲ್ಲೋ? ಸಾಕ್ಷಿ ಹೇಳಾಂವ ಅಂತ, ದೊಡ್ಡ ಮನಷಾ ಆಗಿ." ಮಾಲತೇಶ ನಕ್ಕ. "ಬೆಳಿಗ್ಗೆಯಿಂದ ನಿನ್ನ ಐಡಿ ಬಂದ್ ಇತ್ತು, ನೋಡಿದಿಲ್ಲೋ? ಈಗಷ್ಟ ಚಾಲೂ ಮಾಡೇನಿ. ಹೋಗು."

ರಿಯಾಜ ಹಲ್ಲು ಕಚ್ಚಿಕೊಂಡು ಗಾಡಿ ಹೊರಡಿಸಿದ. ಐಡಿ ಹೋದರೆ ಗಾಡಿ ಇದ್ದೂ ಕೆಲಸವಿಲ್ಲ. ಇದೇ ಕೆಲಸ ಮಾಡುತ್ತಿದ್ದ ಸವಣೂರಿನ ಮುಸ್ತಾಕ ಒಂದು ಮಾತು ಎದುರಾಡಿದ್ದಕ್ಕೆ ಈಗ ಇಟ್ಟಂಗಿ ಹೊರುತ್ತಾನೆ. ಬೈದವರಿಲ್ಲ, ಹೊಡೆದವರಿಲ್ಲ. ಫೋನಿನೊಳಗಿನ ಹೆಸರು ಬೂದಿ ಬಣ್ಣಕ್ಕೆ ತಿರುಗಿತು, ಅಷ್ಟೇ.

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಮುಂದೆ ಡಾಂಬರು ಮೆತ್ತಗಾಗಿತ್ತು. ಕೇಸಿಗೆ ಕಾರಣವಾದ ಆ ದಿನವೂ ಇಂಥದೇ ಬಿಸಿಲು. ರೊಕ್ಕ ಕಟ್ಟಿದ ಮೇಲೆ ಬಿಲ್ಲು ಬಿಚ್ಚಿ ನೋಡಿದ ಸರೋಜವ್ವ, "ತಮ್ಮಾ, ಮಳಿ ರೊಕ್ಕ ಅಂತ ಹಾಕ್ಯಾರಲ್ಲೋ, ಎಲ್ಲೈತಿ ಮಳಿ?" ಎಂದು ಮುಗಿಲು ನೋಡಿದ್ದಳು. ಮೊದಲೂ ಎಷ್ಟೋ ಸಲ ಕಟ್ಟಿದ್ದಳಂತೆ. "ಹೋಗ್ಲಿ ಬಿಡು, ತೋಯ್ಸಿಕೊಂತ ಬರಾಂವಗರ ಸಿಗ್ತೈತಿ ಅಂತ ಸುಮ್ಮನಿದ್ದೆ."

"ನಮಗೇನೂ ಬರಂಗಿಲ್ರಿ ಅವ್ವಾರ. ಒಂದ ರೂಪಾಯಿನೂ ಇಲ್ಲ."

ಆಕೆಗೆ ಸಿಟ್ಟು ಬಂದದ್ದು ಆಗ. ತನ್ನ ರೊಕ್ಕ ಹೋದದ್ದಕ್ಕಲ್ಲ, ಅವನ ಹೆಸರು ಹೇಳಿ ಕಂಪನಿ ತಿಂದದ್ದಕ್ಕೆ. ಆ ಮಾತನ್ನೇ ಕೋರ್ಟಿನಲ್ಲಿ ಹೇಳುತ್ತೇನೆಂದು ರಿಯಾಜ ಒಪ್ಪಿಕೊಂಡಿದ್ದ.

ಖಾನಾವಳಿಯ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಬಾರೋ ಸಾಕ್ಷಿದಾರ! ನಾಳೆ ಒಂದು ಚಲೋ ಅಂಗಿ ಹಾಕ್ಕೊಂಡು ಬಾ. ಈ ಅಂಗಿ ನೋಡಿದ್ರ ಜಡ್ಜ್ ಸಾಹೇಬರು ನಿನ್ನ ಕಂಪನಿ ಕಡಿಯಾಂವ ಅಂದ್ಕೊಂತಾರ."

"ಇದು ನಿಮಗ ಅಂತ ಕೊಟ್ಟು ಕಳ್ಸ್ಯಾರ್ರಿ."

"ನಾ ಏನೂ ತರಿಸಿಲ್ಲಲ್ಲೋ?" ಆಕೆ ರೊಟ್ಟಿ ತಿರುವಿ ಹಾಕಿದಳು. "ಇರ್ಲಿ, ನೀ ತಂದೀಯಂದ್ರ ಇಡು. ಮಜ್ಜಿಗಿ ಕುಡಿ ಮೊದಲು."

ಉಪ್ಪಿನ ಭರಣಿಯ ಮೇಲಿದ್ದ ಆಕೆಯ ಫೋನು ಟಿಣ್ ಅಂದಿತು.

"ಕೈ ಹಿಟ್ಟಾಗ್ಯಾವು. ನೀನ ನೋಡ್ಕೋ."

ಯಾವತ್ತೂ ಹೀಗೇ. ಒಟಿಪಿ ಬಂದರೆ ಆಕೆ ಎದ್ದವಳಲ್ಲ, ತಂದವನೇ ಭರಣಿಯ ಮೇಲಿಂದ ಫೋನು ತೆಗೆದು ನಂಬರು ಹಾಕಿಕೊಳ್ಳಬೇಕು. ಇವತ್ತು ಮೆಸೇಜು ಉದ್ದ ಇತ್ತು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟ ರಿಯಾಜನಿಗೆ ಆ ಇಂಗ್ಲಿಷು ಪೂರ್ತಿ ತಲೆಗೆ ಹತ್ತಲಿಲ್ಲ. ಆದರೆ ನಡುವೆ 'ಫುಲ್ ಅಂಡ್ ಫೈನಲ್' ಅಂತ, ಅಂದರೆ ಲೆಕ್ಕ ಪೂರ್ತಿ ಚುಕ್ತಾ ಅಂತ, ಇದ್ದದ್ದು ಹತ್ತಿತು. ಹಿಂದೆ ಹುಬ್ಬಳ್ಳಿಯ ಗೋದಾಮಿನ ಕೆಲಸದಿಂದ ಅವನನ್ನು ಹೊರಗೆ ಹಾಕುವಾಗ ಇವೇ ಮಾತಿನ ಕೆಳಗೆ ಸಹಿ ಮಾಡಿಸಿಕೊಂಡಿದ್ದರು. ಆಮೇಲೆ ಯಾರ ಹತ್ತಿರ ಹೋದರೂ "ಒಪ್ಪಿ ಸಹಿ ಮಾಡೀಯಲ್ಲ" ಅಂದಿದ್ದರು. ಮುಂದಿನ ಸಾಲಿನಲ್ಲಿ 'ಕೇಸ್' ಅಂತಲೂ ಇತ್ತು. ಈ ನಂಬರು ಹಾಕಿದರೆ ಸರೋಜವ್ವ ಪೇಡೆ ತಗೊಂಡು ಒಪ್ಪಿದಂತೆ, ನಾಳೆಯ ತಾರೀಖು ಮುಗಿದಂತೆ.

ಹೇಳಬೇಕೆಂದು ಆಕೆಯ ಕಡೆ ತಿರುಗಿದ. ಅಷ್ಟರಲ್ಲಿ ಅವನ ಫೋನು ನಡುಗಿತು. ಮಾಲತೇಶ.

"ಏನಾತೋ?" ಎಂದಳು ಸರೋಜವ್ವ, ಒಲೆಯಿಂದ ಕಣ್ಣು ತೆಗೆಯದೆ.

"ನೆಟ್ ಇಲ್ರಿ. ಆಮ್ಯಾಲ ಬರ್ತೇನಿ."

ಫೋನನ್ನು ಭರಣಿಯ ಮೇಲೆ ಇಟ್ಟು, ಚೀಲ ಹೆಗಲಿಗೆ ಹಾಕಿ ಹೊರಗೆ ಬಂದ. ಮಜ್ಜಿಗೆ ಹಾಗೇ ಉಳಿಯಿತು. ಹೇಳಲೂ ಇಲ್ಲ, ಹಾಕಲೂ ಇಲ್ಲ. ತನ್ನ ಮೇಲೇ ಅವನಿಗೆ ಮೈ ಉರಿಯಿತು. ಹೇಳಿದರೆ ತಾನು ಹೇಳಿದ್ದು ಮಾಲತೇಶನಿಗೆ ಗೊತ್ತಾಗುತ್ತದೆ, ನೆಟ್ ಇಲ್ಲ ಅಂದರೆ ಯಾರ ತಪ್ಪೂ ಇಲ್ಲ ಅಂತ ಅವನ ಹೆದರಿಕೆ ಲೆಕ್ಕ ಹಾಕಿತ್ತು.

"ಆಗಲಿಲ್ರಿ ಸರ," ಎಂದ ಫೋನೆತ್ತಿ.

"ಹೌದಾ?" ಮಾಲತೇಶನ ದನಿಯಲ್ಲಿ ಸಿಟ್ಟಿರಲಿಲ್ಲ. "ಬಿಡು ಮತ್ತ."

ಫೋನಿನೊಳಗೆ ರಿಯಾಜನ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಅವನು ಓಣಿಯ ಬಾಯಲ್ಲಿ ಚಹಾದಂಗಡಿಯ ತಗಡಿನ ನೆರಳಿಗೆ ಗಾಡಿ ನಿಲ್ಲಿಸಿ ಕೂತ. ವಾಪಸ್ ಹೋಗಬೇಕು, ಹೇಳಬೇಕು. ಒಂದು ಚಹಾ ಕುಡಿದು ಹೋದರಾಯ್ತು.

ಚಹಾ ಬರುವುದರೊಳಗೆ ಲೋಹಿತನ ಗಾಡಿ ಬಂತು. ಅದೇ ಗೋದಾಮಿನ ಹುಡುಗ, ಅದೇ ಅಂಗಿ. ಹ್ಯಾಂಡಲಿಗೆ ಸಿಕ್ಕಿಸಿದ ಚೀಲ ಹಗುರವಾಗಿ ಅತ್ತಿತ್ತ ಹೊಯ್ದಾಡುತ್ತಿತ್ತು. ಲೋಹಿತ ಇವನನ್ನು ನೋಡಿ ನಕ್ಕು ಕೈ ಎತ್ತಿದ. ರಿಯಾಜನ ಕೈಯೂ ತಾನಾಗೇ ಎದ್ದಿತು. ನಿಲ್ಲು ಅನ್ನಲಿಕ್ಕೋ, ನಮಸ್ಕಾರಕ್ಕೋ ಅವನಿಗೇ ತಿಳಿಯುವುದರೊಳಗೆ ಗಾಡಿ ಖಾನಾವಳಿಯ ಮುಂದೆ ನಿಂತಿತ್ತು.

ರಿಯಾಜ ಎದ್ದು ಓಡಿದ. ಬಾಗಿಲಿಗೆ ಇನ್ನೂ ನಾಕು ಮಾರು ಇರುವಾಗಲೇ ಒಳಗಿನಿಂದ ಸರೋಜವ್ವನ ದನಿ ಕೇಳಿತು.

"ರಿಯಾಜ ಕಳಿಸ್ಯಾನೇನೋ? ಕೈ ಹಿಟ್ಟಾಗ್ಯಾವು ತಮ್ಮಾ, ನೀನ ನೋಡ್ಕೋ."

ರೊಟ್ಟಿ ಬಡಿಯುವ ಸದ್ದು ಒಂದೇ ಸಮ ನಡೆದಿತ್ತು. ಹೊಸ್ತಿಲ ಹೊರಗೆ ರಿಯಾಜ ನಿಂತ. ಒಳಗೆ ಲೋಹಿತ ಆಗಲೇ ನಂಬರು ಹಾಕಿ ಆಕೆಯ ಫೋನನ್ನು ಭರಣಿಯ ಮೇಲೆ ವಾಪಸ್ ಇಡುತ್ತಿದ್ದ. ಕಿಸೆಯೊಳಗೆ ಫೋನು ನಡುಗಿತು. ತೆಗೆದು ನೋಡಿದ. ಹೆಸರು ಮತ್ತೆ ಹಸಿರಾಗಿತ್ತು. ಕೆಳಗೆ ಹೊಸ ಆರ್ಡರು, ಅದರ ಪಕ್ಕದಲ್ಲಿ ಒಂದು ಸಣ್ಣ ಮೋಡದ ಚಿತ್ರ. ಮೋಡದಿಂದ ಮೂರು ನೀಲಿ ಹನಿ ಬೀಳುತ್ತಿದ್ದವು. ಪರದೆಯ ಮೇಲೆ ಬಿಸಿಲು ಹೊಳೆದು ಅವು ಸರಿಯಾಗಿ ಕಾಣುತ್ತಿರಲಿಲ್ಲ.