ಹದಿನಾರು ಡ್ರಮ್ಮುಗಳ ಚೀಟಿ

ಗೋದಾಮಿನಲ್ಲಿ ಅತ್ತೆ ಹೇಳಿದ್ದೇ ವೇದವಾಕ್ಯ. ಹಡಗಿಗೆ ಹೋಗುವ ಮಿಶ್ರಲೋಹ ತುಂಬಿದ ಡ್ರಮ್ಮುಗಳಲ್ಲಿ ಯಾವುದು ಯಾವ ಜಾತಿಯದು ಎಂದು ಕಾಗದ ಓದಿ ಚೀಟಿ ಅಂಟಿಸುವವಳು ಅವಳು. ಮುಚ್ಚಳ ಬಿಗಿಯುವವಳು ಸೊಸೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿಲ್ಲವಂತೆ. ಹಾಗಂತ ದಿನಕ್ಕೆ ಮೂರು ಸಲ ಹೇಳುತ್ತಿದ್ದವಳೂ ಅತ್ತೆಯೇ, ಆ ಮಾತು ಬೇರೆ.

ಆ ಮಧ್ಯಾಹ್ನ ಹದಿನಾರು ಡ್ರಮ್ಮು ಫೆರೋಸಿಲಿಕಾನ್, ಅಂದರೆ ಸಿಲಿಕಾನ್ ಬೆರೆತ ಕಬ್ಬಿಣ, ಲಾರಿಗೆ ಕಾದು ನಿಂತಿತ್ತು. ಕೊನೆಯ ಮುಚ್ಚಳ ಬಿಗಿದ ಸೊಸೆ ಪರೀಕ್ಷೆಯ ಕಾಗದದ ಮೇಲೆ ಸುಮ್ಮನೆ ಕಣ್ಣಾಡಿಸಿದಳು. ಸಿಲಿಕಾನ್ ನೂರಕ್ಕೆ ಎಪ್ಪತ್ತೈದು! ಅಷ್ಟಿದ್ದರೆ ನೀರು ಸೋಕಿದಾಗ ವಿಷಗಾಳಿ ಏಳುತ್ತದೆ, ಅಪಾಯದ ನೀಲಿ ಚೀಟಿ ಬೇಕೇ ಬೇಕು. ಅತ್ತೆ ಅಂಟಿಸಿದ್ದು ಬರೀ ಹದಿನೈದು ಇದ್ದರೆ ಹಾಕುವ ಬಿಳಿ ಚೀಟಿ. ಏಳನ್ನು ಒಂದೆಂದು ಓದಿದ್ದಳು.

ಸೊಸೆಗೆ ಆಗ ಒಂದೊಂದೇ ಅರ್ಥವಾಯಿತು. ಈಚೆಗೆ ಅತ್ತೆ ಸೂಜಿಗೆ ದಾರ ಪೋಣಿಸಲು ತನ್ನನ್ನೇ ಕರೆಯುವುದು, ಮೆಟ್ಟಿಲಲ್ಲಿ ಕಾಲು ತಡವರಿಸುವುದು. ಅಯ್ಯೋ, ತಾನೆಂಥ ಪೆದ್ದಿ! ಸುಮ್ಮನಿದ್ದರೆ ಹಡಗಿನವರ ಪ್ರಾಣಕ್ಕೆ ಸಂಚಕಾರ. ಬಾಯಿ ಬಿಟ್ಟರೆ ಅತ್ತೆಯ ಕೆಲಸ ಹೋಗುತ್ತದೆ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಎತ್ತಿ ನಿಲ್ಲಿಸಿದ್ದೇ ಈ ಕೆಲಸ.

ಸೊಸೆ ನೆಟ್ಟಗೆ ಮೇಸ್ತ್ರಿಯ ಬಳಿ ಹೋಗಿ, ಅತ್ತೆ ಕೊಟ್ಟ ನೀಲಿ ಚೀಟಿ ಬಿಟ್ಟು ಬಿಳಿ ಅಂಟಿಸಿದ್ದು ತಾನೇ ಎಂದಳು. ಮೇಸ್ತ್ರಿ ಕೆಂಡಾಮಂಡಲವಾದ. ನಾಳೆಯಿಂದ ಬರಬೇಡ ಅಂದೇಬಿಟ್ಟ.

"ಅವಳು ಸುಳ್ಳು ಹೇಳ್ತಿದಾಳೆ," ಎಂದಿತು ಹಿಂದಿನಿಂದ ಅತ್ತೆಯ ದನಿ. "ಓದಿದ್ದು ನಾನು. ಕಣ್ಣು ಮಂಜಾಗಿ ನಾಲ್ಕು ತಿಂಗಳಾಯ್ತು, ಹೇಳೋಕೆ ನಾಚಿಕೆಯಾಯ್ತು."

ಮೇಸ್ತ್ರಿ ತಲೆ ಕೆರೆದುಕೊಂಡ. ಕಣ್ಣಿಗೆ ಚಿಕಿತ್ಸೆಯಾಗುವ ತನಕ ಕಾಗದ ಮುಟ್ಟಬೇಡ ಎಂದು ಅತ್ತೆಗೆ, ನಾಳೆ ಬಾ ಎಂದು ಸೊಸೆಗೆ ಹೇಳಿ, ಲಾರಿಯನ್ನು ಒಂದು ಗಂಟೆ ನಿಲ್ಲಿಸಿದ.

ಇಬ್ಬರೂ ಬಿಳಿ ಚೀಟಿ ಕೆರೆಯಲು ಕೂತರು. ಅತ್ತೆಯ ಬಾಯಿಗೆ ಬಿಡುವಿಲ್ಲ. ದೊಡ್ಡ ತ್ಯಾಗಮಯಿ ಬಂದಳು, ತಲೆ ಕೆಟ್ಟವಳು ಎಂದು ಬೈದಿದ್ದೇ ಬೈದಿದ್ದು.

"ಒಳಗೊಂದು ಮಾಲು, ಹೊರಗೊಂದು ಹೆಸರು ಅಂತ ಬೇಕೂಂತ ಒಂದು ಡ್ರಮ್ಮೂ ಕಳಿಸಿಲ್ಲ ನಾನು. ನನ್ನ ತಪ್ಪನ್ನ ನಿನ್ನ ಹಣೆಗೆ ಅಂಟಿಸಿ ಕಳಿಸ್ತೀನಾ?"

ಸೊಸೆ ಕೆರೆಯುವ ಸದ್ದು ನಿಂತಿತು.

"ಅಳ್ತಿದೀಯೇನೇ? ಬಾಯಿಬಿಟ್ಟು ಹೇಳು, ನಂಗೆ ಕಾಣಲ್ಲ."

"ಇಲ್ಲ ಅತ್ತೆ," ಎಂದಳು ಸೊಸೆ.

ಅತ್ತೆ ಕೈ ಚಾಚಿ ತಡಕಾಡಿ ಅವಳ ಕೆನ್ನೆ ಮುಟ್ಟಿ ನೋಡಿದಳು.