ಖರಾಬು

ತಿಮ್ಮಕ್ಕ ಮೂರನೇ ಸಲ ನೀರು ಬದಲಿಸಿ ಬೆಳಚಿನ ಚಿಪ್ಪುಗಳನ್ನು ತಿಕ್ಕುತ್ತಿದ್ದಳು. ಹೊಳೆಯ ಕೆಸರು ಎಷ್ಟು ತೊಳೆದರೂ ಚಿಪ್ಪಿನ ಗೆರೆಗೆರೆಗಳಲ್ಲಿ ಉಳಿಯುತ್ತದೆ; ಅವಸರ ಮಾಡಿದರೆ ಸಾರೆಲ್ಲ ಕರಕರ. ಅಷ್ಟರಲ್ಲಿ ಗದ್ದೆಯ ಕಡೆಯಿಂದ, "ಅಮ್ಮಾ, ಸ್ವಲ್ಪ ಕೈ ಕೊಡ್ತೀರಾ?" ಎಂದು ಕೂಗಿದ್ದು ಕೇಳಿಸಿತು.

ಬೆಳಗ್ಗೆಯಿಂದ ಹೊಳೆಯಂಚಿನ ಉಪ್ಪುನೀರಿನ ಗಜನಿ ಗದ್ದೆಗಳಲ್ಲೆಲ್ಲ ಗುಂಡಿ ತೋಡಿಸುತ್ತಿದ್ದ ಮಣ್ಣಿನ ಆಫೀಸಿನ ಹುಡುಗಿ, ಧನ್ಯಶ್ರೀ ಅಂತ ಹೆಸರು, ತೊಡೆಯ ತನಕ ಹೂತು ನಿಂತಿದ್ದಳು. ತಿಮ್ಮಕ್ಕ ಸೀರೆ ಎತ್ತಿ ಕಟ್ಟಿ, ಒಂದು ಹಲಗೆ ಹಾಸಿ, ಅದರ ಮೇಲೆ ಕೂತು ಅವಳನ್ನು ಎಳೆದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ.

"ಅದು ಇನ್ನು ಮಣ್ಣಿಂದೇ ಆತು ಬಿಡಿ" ಎಂದಳು ತಿಮ್ಮಕ್ಕ. "ಇಲ್ಲಿ ನಿಂತ್ರೆ ಹೂಳ್ತದೆ. ನಡೀತಾನೇ ಇರ್ಬೇಕು."

ಹುಡುಗಿ ನಕ್ಕಳು. ಗುಂಡಿಯ ಗೋಡೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಒತ್ತಿ ರಿಬ್ಬನ್ನಿನ ಹಾಗೆ ಉದ್ದ ಮಾಡಿದಳು. ಅದು ಮುರಿಯಲಿಲ್ಲ. ಬಣ್ಣಬಣ್ಣದ ಚೌಕಗಳಿದ್ದ ಪುಸ್ತಕ ತೆರೆದು ಅದರ ಪಕ್ಕ ಹಿಡಿದು ನೋಡಿದಳು. ಮೇಲಿನ ಒಂದಡಿ ಕಂದು ಮಣ್ಣು, ಬೇರಿನ ದಾರಿಯಲ್ಲೆಲ್ಲ ತುಕ್ಕಿನ ಗೆರೆ. ಅದರ ಕೆಳಗೆ ಬೂದು. ಎರಡೂವರೆ ಅಡಿ ದಾಟಿದರೆ ಬೆಣ್ಣೆಯ ಹಾಗೆ ನುಣ್ಣನೆಯ ಕಪ್ಪುನೀಲಿ ಜೇಡಿ. ಯಾವುದೋ ಕಾಲದ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡದ ಬೇರುಗಳು ಅದರೊಳಗೆ ಇನ್ನೂ ಕೊಳೆಯುತ್ತಿದ್ದವು. ಕೊಳೆತ ಮೊಟ್ಟೆಯ ವಾಸನೆ. ಹುಡುಗಿ ಅದರ ಮೇಲೆ ಸೀಸೆಯಿಂದ ನಾಲ್ಕು ಹನಿ ಬಿಟ್ಟಳು. ಜೇಡಿ ಬುಸುಬುಸು ನೊರೆಯೆದ್ದು ಕುದಿಯಿತು. ಹುಡುಗಿಯ ಮುಖದಲ್ಲಿದ್ದ ನಗು ಹೋಯಿತು.

"ಮೇಲಿನ ಗದ್ದೆ ಯಾರದು?"

"ನನ್ನ ಮೈದುನಂದು. ಉಮೇಶ ಅಂತ. ಹೊನ್ನಾವರದಲ್ಲಿ ದೋಣಿ ಮೇಲವ್ನೆ, ನಾಡಿದ್ದು ಬತ್ತಾನೆ."

"ಅವರು ಸಿಗಡಿ ಹೊಂಡ ತೋಡಿಸ್ತಾರೆ ಅಂತ ಕೇಳಿದೆ. ದೋಣಿ ಮೇಲೆ ಫೋನೂ ತಾಗಲ್ಲ." ಹುಡುಗಿ ಜೀಪಿನ ಮೂತಿಯ ಮೇಲೆ ಹಾಳೆ ಇಟ್ಟು ಬರೆಯತೊಡಗಿದಳು. ಸಮುದ್ರದ ಭರತದ ನೀರು ಏರುತ್ತಿತ್ತು, ಡ್ರೈವರ್ ಹಾರ್ನ್ ಹಾಕುತ್ತಿದ್ದ. ಬರೆದು ಮುಗಿಸಿ, ಮಡಚಿ, ತಿಮ್ಮಕ್ಕನ ಒದ್ದೆ ಕೈಗೆ ಕೊಟ್ಟಳು. "ಇದನ್ನ ಅವರ ಕೈಗೇ ಕೊಡಿ ಅಮ್ಮ, ಅರ್ಜೆಂಟು. ನಿಮ್ಮದೂ ಇದೆ ಇದರಲ್ಲಿ. ಯಾರ ಹತ್ರಾದ್ರೂ ಓದಿಸ್ಕೊಳ್ಳಿ."

ಓದಿಸಿಕೊಳ್ಳಿ! ಜೀಪು ಹೋದ ಮೇಲೆ ತಿಮ್ಮಕ್ಕ ಕೈ ಒರೆಸಿ, ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಳು.

ಓದುವುದನ್ನು ಅವಳು ಕಲಿತದ್ದೇ ಒಂದು ಕಾಗದಕ್ಕೋಸ್ಕರ. ಗಂಡ ನಾಗ ಅಳಿವೆಯಲ್ಲಿ ದೋಣಿ ಮಗುಚಿ ತೀರಿಹೋದ ವರ್ಷವೇ ಉಮೇಶ ಹಿಸ್ಸೆಯ ಪತ್ರ ಮಾಡಿಸಿ ತಂದಿದ್ದ. "ಅರ್ಧ ನಿಂದು, ಅರ್ಧ ನಂದು, ಸಮಾಸಮ. ಇಲ್ಲಿ ಒತ್ತು ಅತ್ತಗೆ" ಎಂದಿದ್ದ. ಅವಳು ಹೆಬ್ಬೆಟ್ಟು ಒತ್ತಿದ್ದಳು. ಮೂರು ವರ್ಷ ಕಳೆದು ಹೊಳೆಯ ಕಟ್ಟೆ ಒಡೆದಾಗ ಉಮೇಶನ ಗದ್ದೆಯ ಬದಿಗೆ ದುರಸ್ತಿಗೆ ಸರ್ಕಾರದ ಕಲ್ಲು ಬಂತು, ಇವಳ ಬದಿಗೆ ಬರಲಿಲ್ಲ. ಕಗ್ಗ ಭತ್ತದ ಬೀಜ ಹಂಚುವ ಪಟ್ಟಿಯಲ್ಲೂ ಹೆಸರಿಲ್ಲ. ಯಾಕೆ ಎಂದರೆ ಯಾರೂ ಬಾಯಿ ಬಿಡಲಿಲ್ಲ. ಆಗ ಅವಳು ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಕೂತಳು. ಎರಡು ಮಳೆಗಾಲ ಹಿಡಿಯಿತು. ಒಂದು ದಿನ ಟ್ರಂಕಿನಿಂದ ಪತ್ರ ತೆಗೆದು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಉಮೇಶನ ಪಾಲಿನ ಮುಂದೆ 'ಒಂದನೇ ದರ್ಜೆ ಗದ್ದೆ'. ಅವಳ ಪಾಲಿನ ಮುಂದೆ 'ಖರಾಬು. ನೀರು ನಿಲ್ಲುವ ಜಾಗ'.

ಕೇಳಲು ಹೋದಾಗ ಉಮೇಶ ನಕ್ಕಿದ್ದ. "ನೀರು ನಿಲ್ಲೂದು ಸುಳ್ಳಾ? ಆ ಮಣ್ಣೇ ಬೇರೆ, ನನ್ನ ಮಣ್ಣೇ ಬೇರೆ." ಅಂದಿನಿಂದ ಕಟ್ಟೆಯ ಸಭೆಯಲ್ಲಿ, ಮೀನಿನ ಪೇಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಕೂಡ ಅವನು ಕರೆಯುವುದೇ ಹಾಗೆ: "ಖರಾಬು ಅತ್ತಗೆ ಬಂತು, ಜಾಗ ಬಿಡಿ!" ಜನ ನಗುತ್ತಿದ್ದರು. ಆರು ವರ್ಷದಿಂದ ನಗುತ್ತಿದ್ದರು. ಈಗ ಮಕ್ಕಳೂ ಹಾಗೇ ಅನ್ನುತ್ತಿದ್ದವು, ಅವಳ ಹೆಸರೇ ಅದು ಅಂದುಕೊಂಡು.

ಹುಡುಗಿಯ ಅಕ್ಷರ ದುಂಡಗಿತ್ತು, ಓದಲು ಕಷ್ಟವಾಗಲಿಲ್ಲ.

'ಶ್ರೀ ಉಮೇಶ ಅವರಿಗೆ. ನಿಮ್ಮ ಗದ್ದೆಯ ಮಣ್ಣೂ ಕೆಳಗಿನ ತಿಮ್ಮಕ್ಕನವರ ಗದ್ದೆಯ ಮಣ್ಣೂ ಒಂದೇ ವರ್ಗದ್ದು. ಕರಾವಳಿ ಬಯಲಿನ, ನೀರು ಬಸಿಯದ ಅಂಟು ಜೇಡಿ. ಎರಡೂವರೆ ಅಡಿಯ ಕೆಳಗಿನ ನೀಲಿ ಜೇಡಿಯಲ್ಲಿ ಗಂಧಕವಿದೆ. ನೀರಿನಲ್ಲಿ ಮುಳುಗಿರುವ ತನಕ ಅದರಿಂದ ತೊಂದರೆ ಇಲ್ಲ. ಮೇಲಕ್ಕೆ ತೆಗೆದು ಒಣಗಿಸಿದರೆ ಅದು ಆಮ್ಲವಾಗುತ್ತದೆ. ಮಳೆ ಬಿದ್ದ ಮೇಲೆ ವರ್ಷಗಟ್ಟಲೆ ಅಲ್ಲಿ ಹುಲ್ಲೂ ಏಳುವುದಿಲ್ಲ. ದಯವಿಟ್ಟು ಹೊಂಡ ತೋಡಿಸಬೇಡಿ.'

ಕೆಳಗೆ ಬಲಗಡೆ ಮೂಲೆಯಲ್ಲಿ, 'ಪು.ತಿ.ನೋ.' ಎಂದು ಸಹಿ. ಹೆಸರು ಧನ್ಯಶ್ರೀ ಅಂದಿದ್ದಳಲ್ಲ? ಇರಬೇಕು, ಓದಿದವರು ಹೆಸರಿಗೆ ಇಂಥವು ಅಂಟಿಸಿಕೊಳ್ಳುತ್ತಾರೆ ಎಂದುಕೊಂಡಳು.

'ಒಂದೇ ವರ್ಗದ್ದು.' ಆ ಸಾಲನ್ನು ಅವಳು ನಾಲ್ಕು ಸಲ ಓದಿದಳು. ನಿಮ್ಮದೂ ಇದೆ ಅಂದದ್ದು ಇದಕ್ಕೇ. ಆಮೇಲೆ 'ಹುಲ್ಲೂ ಏಳುವುದಿಲ್ಲ' ಎಂಬ ಸಾಲನ್ನು ಓದಿದಳು. ಅದನ್ನು ಎಷ್ಟು ಸಲ ಓದಿದಳೋ ಅವಳಿಗೇ ಲೆಕ್ಕವಿಲ್ಲ. ಒಲೆಯ ಮೇಲೆ ಬೆಳಚು ಬೆಂದು ಬಾಯಿ ಬಿಟ್ಟು, ನೀರಾರಿ ಸೀದ ವಾಸನೆ ಬಂದ ಮೇಲೇ ಎದ್ದಳು. ಕಾಗದವನ್ನು ಅಕ್ಕಿಯ ಡಬ್ಬಿಯಲ್ಲಿ, ಅಕ್ಕಿಯ ಅಡಿಗೆ ತಳ್ಳಿದಳು.

ಸಂಜೆ ಉಮೇಶನ ಹೆಂಡತಿ ಮಂಜಿ ಬೇಲಿಯ ಆಚೆಯಿಂದ ಒಂದು ಕಟ್ಟು ಹರಿವೆ ಸೊಪ್ಪು ಚಾಚಿದಳು. ಮಂಕಿ ಊರಿನಿಂದ ಬಂದ ಹೆಣ್ಣು. ಈ ಮನೆಯಲ್ಲಿ ತಿಮ್ಮಕ್ಕನನ್ನು ಅಕ್ಕ ಎಂದು ಕರೆದದ್ದು ಅವಳೊಬ್ಬಳೇ.

"ಅಕ್ಕಾ, ಆ ಮೇಡಮ್ಮ ಎಂತ ಅಂತು? ಇವರು ಬಂದ್ಕಂಡು ಕೇಳ್ತರು."

ತಿಮ್ಮಕ್ಕ ಸೊಪ್ಪು ತೆಗೆದುಕೊಂಡಳು. ಬೇರಿನ ಮಣ್ಣು ಕೊಡವಿದಳು.

"ಎಂತ ಅಂಬೂದು? ಮಣ್ಣು ಚಲೋ ಅದೆಯಂತೆ. ಅಡಿಗೆ ಹೋದ ಹಾಗೂ ಚಲೋ ಅದೆಯಂತೆ."

"ಹೌದಾ! ಹಾಗಾರೆ ನನ್ನ ಸೊಪ್ಪಿನ ಮಡಿಗೂ ಎರಡು ಬುಟ್ಟಿ ಹಾಕ್ಸಬೇಕು."

"ಹಾಕ್ಸು" ಎಂದಳು ತಿಮ್ಮಕ್ಕ.

ಸುಗ್ಗಿ ಹುಣ್ಣಿಮೆ ಕಳೆದದ್ದೇ ಜೆಸಿಬಿ ಬಂತು. ಎಂಟು ದಿನ ಆ ಯಂತ್ರ ಉಮೇಶನ ಗದ್ದೆಯ ಹೊಟ್ಟೆ ಬಗೆಯಿತು. ಆಳದ ನೀಲಿ ಜೇಡಿ ರಾಶಿರಾಶಿ ಮೇಲೆ ಬಂತು. ಉಮೇಶ ಅದನ್ನು ಉಳಿದ ಗದ್ದೆಗೆಲ್ಲ ಹರಡಿಸಿದ, ಹಿತ್ತಲಿನ ತೆಂಗಿನ ಬುಡಗಳಿಗೆ ತುಂಬಿಸಿದ. ಬಿಸಿಲಿಗೆ ಒಣಗಿ ಅದು ಅಂಗೈ ಅಗಲದ ಬಿರುಕು ಬಿಟ್ಟಿತು. ಬಿರುಕಿನ ಅಂಚಿಗೆ ಅರಿಸಿನದ ಹಾಗೆ ಹಳದಿ ಹುಡಿ ಕೂತಿತು.

"ನೋಡು ಅತ್ತಗೆ, ಬಂಗಾರ ಹುಟ್ತದೆ" ಎಂದ ಉಮೇಶ, ಹೊಂಡದ ದಂಡೆಯ ಮೇಲೆ ಕಾಲಗಲಿಸಿ ನಿಂತು. "ಕತಗಾಲದ ತೋಟದವರಿಗೂ ಇಂಥ ಮಣ್ಣಿಲ್ಲ. ಬೇಕಾರೆ ನಿನ್ನ ಖರಾಬಿಗೂ ಒಂದು ಗಾಡಿ ಕಳಸ್ತೆ, ಪುಕ್ಕಟೆ."

"ನಂಗೆ ಬ್ಯಾಡ. ಎಲ್ಲಾ ನೀನೇ ಹಾಕ್ಕೊ" ಎಂದಳು ತಿಮ್ಮಕ್ಕ. ಅವಳು ನಕ್ಕದ್ದನ್ನು ಅವನು ಎಷ್ಟೋ ವರ್ಷಗಳ ಮೇಲೆ ನೋಡಿದ್ದ. ಅತ್ತಿಗೆ ಮೆತ್ತಗಾದಳು ಎಂದುಕೊಂಡ.

ದಿನಾ ಬೆಳಗ್ಗೆ ಅವಳು ಅಕ್ಕಿ ತೆಗೆಯುವಾಗ ಬೆರಳಿಗೆ ಕಾಗದ ತಾಗುತ್ತಿತ್ತು. ಒಂದೆರಡು ಸಲ ಮೇಲೆಳೆದದ್ದೂ ಉಂಟು. ಮಂಜಿ ಮಡಿಗೆ ಬೀಜ ಉದುರಿಸಿದ ದಿನವಂತೂ ಬೇಲಿಯ ತನಕ ಹೋಗಿದ್ದಳು, ಕಾಗದ ಸೆರಗಿನಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಉಮೇಶ, "ಯಾರೇ ಅದು, ಖರಾಬಾ?" ಎಂದ. ತಿಮ್ಮಕ್ಕ ತಿರುಗಿ ಬಂದಳು.

ಮಳೆ ಹಿಡಿಯಿತು. ನಾಲ್ಕನೇ ದಿನಕ್ಕೆ ಉಮೇಶನ ಗದ್ದೆಯಲ್ಲಿ ನಿಂತ ನೀರು ಎಲೆಯಡಿಕೆ ಕವಳದ ಉಗುಳಿನ ಹಾಗೆ ಕೆಂಪಾಯಿತು. ಹೊಂಡಕ್ಕೆ ಬಿಟ್ಟ ಸಿಗಡಿ ಮರಿಗಳು ಬಿಳಿಚಿ ದಂಡೆಗೆ ಬಿದ್ದವು, ಕಾಗೆಗಳು ಕೂಡ ಮೂಸಿ ಬಿಟ್ಟವು. ತೆಂಗಿನ ಸುಳಿ ಕಂದಿತು. ಮಂಜಿಯ ಮಡಿಯಲ್ಲಿ ಎದ್ದ ಎರಡೆಲೆಯ ಹರಿವೆ ಬೆಂಕಿ ತಾಗಿದ ಹಾಗೆ ಮುರುಟಿತು. ಬರಿಗಾಲಲ್ಲಿ ಕಳೆ ತೆಗೆದ ಅವಳ ಬೆರಳ ಸಂದುಗಳು ಬಿರಿದು ರಕ್ತ ಬಂತು.

"ಅಕ್ಕಾ, ಆ ಮೇಡಮ್ಮ ಮತ್ತೆಂತದೂ ಹೇಳಲಿಲ್ವಾ?" ಮಂಜಿ ಜಗಲಿಯ ಕೆಳಗೆ ಕೂತು ಕೇಳಿದಳು. "ನೆನಪು ಮಾಡ್ಕಣೆ. ಇವರು ಊಟ ಬಿಟ್ಟು ನಾಲ್ಕು ದಿನಾತು."

"ಹೇಳಿದ್ರೆ ನಾ ಹೇಳ್ತಿರ್ಲಿಲ್ವಾ?" ಎಂದು ತಿಮ್ಮಕ್ಕ ಅವಳ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ನಿಧಾನವಾಗಿ, ಒಂದೊಂದೇ ಬೆರಳಿಗೆ.

ಅದರ ಮರುದಿನ ಜೋರು ಮಳೆ. ಉಮೇಶನ ಗದ್ದೆಯ ಬದು ಮೂರು ಕಡೆ ಕಡಿದುಹೋಯಿತು. ಬೆಳಗಾಗಿ ನೋಡಿದರೆ ಕೆಂಪು ನೀರು ತಿಮ್ಮಕ್ಕನ ಗದ್ದೆಯಲ್ಲಿತ್ತು. ನೀರು ನಿಲ್ಲುವ ಜಾಗ, ನಿಂತಿತು. ಮೊಳಕೆ ಕಟ್ಟಿ ಬಿತ್ತಿದ ಕಗ್ಗ ಗೇಣುದ್ದ ಎದ್ದಿತ್ತು. ಸಮುದ್ರದ ಉಪ್ಪು ಕುಡಿದೂ ಬದುಕುವ ಭತ್ತ ಅದು. ವಾರದೊಳಗೆ ತುದಿಯಿಂದ ಬುಡಕ್ಕೆ ಕಂದು ಬಣ್ಣಕ್ಕೆ ತಿರುಗಿತು. ತಿಮ್ಮಕ್ಕ ಒಂದು ಸಸಿ ಎಳೆದಳು. ಬೇರು ಎಂಬುದೇ ಇರಲಿಲ್ಲ, ಸುಟ್ಟ ನೂಲಿನಂಥ ಒಂದು ತುಣುಕಿತ್ತು. ಅವಳು ಬದುವಿನ ಮೇಲೆ ಬಹಳ ಹೊತ್ತು ನಿಂತಳು, ಪಾದ ಹೂತದ್ದೂ ತಿಳಿಯದಷ್ಟು ಹೊತ್ತು.

ಮರುದಿನ ಅಂಚೆಯ ಮೋಹನ ಕೊಡೆ ಹಿಡಿದು ಆ ದಾರಿಯಲ್ಲಿ ಬಂದಾಗ ಅವನನ್ನು ತಡೆದಳು.

"ಮಾಣೀ, ಧನ್ಯಶ್ರೀ ಪು.ತಿ.ನೋ. ಅಂತ ಒಬ್ಬ ಮೇಡಮ್ಮ ಅದೆ. ಕುಮಟೆ ಮಣ್ಣಿನ ಆಫೀಸಿಂದು. ಅಷ್ಟೇ ಬರೆದು ಕಾಗದ ಹಾಕಿದ್ರೆ ಮುಟ್ತದಾ?"

"ಎಂತ ಹೆಸರು?"

"ಪು.ತಿ.ನೋ. ಕೆಳಗೆ ಸಹಿ ಹಾಕಿತ್ತು."

ಮೋಹನ ಕೊಡೆ ಅಲುಗುವಷ್ಟು ನಕ್ಕ. "ಅಯ್ಯೋ ತಿಮ್ಮಕ್ಕಾ, ಅದು ಹೆಸರಲ್ವೇ! ಪುಟ ತಿರುಗಿಸಿ ನೋಡಿ ಅಂತ. ಹಿಂದೆ ಬರೆದದೆ ಅಂತ ಅರ್ಥ. ರಾತ್ರಿ ಶಾಲೆ ಮಾಸ್ತರು ಇದೊಂದು ಬಿಟ್ಟರಾ?"

ಅವನು ಮೇಲಿನ ಮನೆಗಳ ಕಡೆ ಹೋದ. ತಿಮ್ಮಕ್ಕ ಒಳಗೆ ಬಂದು ಡಬ್ಬಿಯ ಅಡಿಯಿಂದ ಕಾಗದ ತೆಗೆದಳು. ಅಕ್ಕಿಯ ಹುಡಿ ಊದಿ, ಪುಟ ತಿರುಗಿಸಿದಳು.

'ತೋಡಲೇಬೇಕಿದ್ದರೆ ಮೊದಲು ತಿಮ್ಮಕ್ಕನವರನ್ನು ಕೇಳಿ. ಹುಳಿನೀರು ಇಳಿಯುವುದು ಅವರ ಗದ್ದೆಗೆ. ಹೊರಗೆ ಹೋಗಲು ಅದಕ್ಕೆ ಬೇರೆ ದಾರಿ ಇಲ್ಲ. ನಿಮಗಿಂತ ಹೆಚ್ಚು ಹಾಳಾಗುವುದು ಅವರದು. ಇನ್ನೊಂದು ವಿಷಯ. ಅವರ ಜಮೀನು ಖರಾಬು ಎಂದು ಸರ್ಕಾರಿ ದಾಖಲೆಯಲ್ಲಿ ಬರೆದಿರುವುದು ತಪ್ಪು. ಅದು ಒಳ್ಳೆಯ ಕಗ್ಗದ ಗದ್ದೆ. ಮಾರ್ಚ್ ಕೊನೆಯೊಳಗೆ ಅವರು ಈ ಕಾಗದ ಹಿಡಿದು ನನ್ನಲ್ಲಿಗೆ ಬಂದರೆ ಹಾಗೆಂದು ವರದಿ ಬರೆದುಕೊಡುತ್ತೇನೆ, ದಾಖಲೆ ತಿದ್ದಿಸಿಕೊಳ್ಳಬಹುದು. ಏಪ್ರಿಲಿನಲ್ಲಿ ನನಗೆ ವರ್ಗವಾಗುತ್ತದೆ. ಧನ್ಯಶ್ರೀ.'

ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ ಅರ್ಧ ಮುಗಿದಿತ್ತು. ತಿಮ್ಮಕ್ಕ ಇನ್ನೊಮ್ಮೆ ಓದಿದಳು, ಬೆರಳಿಟ್ಟು, ಮೊದಲ ದಿನದ ಹಾಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ.

ಹೋದ ವರ್ಷ ತಂದಿಟ್ಟ ಒಂದು ಕವರಿತ್ತು. ಕಾಗದ ಅದರೊಳಗೆ ಹಾಕಿ, ಅನ್ನದ ಅಗುಳು ತಿಕ್ಕಿ ಅಂಟಿಸಿದಳು. ಮೇಲೆ, 'ಶ್ರೀ ಉಮೇಶ ಅವರಿಗೆ' ಎಂದು ಬರೆದಳು. ಊರು, ತಾಲೂಕು, ಪಿನ್ ಕೋಡ್. ಒಂದು ಅಕ್ಷರವೂ ವಾರೆಯಾಗಲಿಲ್ಲ. ಮೋಹನ ತಿರುಗಿ ಬರುವ ತನಕ ಬೇಲಿಬಾಗಿಲ ದಣಪೆಯ ಹತ್ತಿರ ಮಳೆಯಲ್ಲಿ ಕಾದಳು, ಕವರು ಸೆರಗಿನ ಅಡಿಯಲ್ಲಿ.

ಮೋಹನ ವಿಳಾಸ ಓದಿ ತಲೆಯೆತ್ತಿದ. "ಇದೆಂತದೇ ತಿಮ್ಮಕ್ಕಾ? ನಲವತ್ತು ಹೆಜ್ಜೆ ಇಲ್ಲ. ಈಗ ಆ ಮನೆ ಮುಂದೇ ಹೋಗ್ತೆ, ಕೈಯಲ್ಲೇ ಕೊಡ್ಲಾ?"

"ಕೈಯಲ್ಲಿ ಕೊಡೂ ಹೊತ್ತು ಹೋತು. ಸ್ಟಾಂಪು ಹಚ್ಚಿದ್ದೆ. ಅಂಚೆ ಠಸ್ಸೆ ಬಿದ್ದು ಬರ್ಲಿ."

"ನಾಡಿದ್ದಾಗ್ತದೆ ಮತ್ತೆ."

"ಆಗ್ಲಿ."

ಮೋಹನ ಕವರನ್ನು ಚೀಲದೊಳಗೆ ಇಳಿಸಿ ಗುಂಡಿ ಹಾಕಿದ. ಕಡಿದ ಬದುವಿನ ಮೇಲೆ ಜಾರದಂತೆ ಹೆಜ್ಜೆಯಿಡುತ್ತಾ ನಡೆದ. ಉಮೇಶ ಮಳೆಗೆ ಎಲೆಯ ಗೊರಬು ಹೊದ್ದು ತನ್ನ ಕೆಂಪು ನೀರಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಯಾವ ಆಫೀಸಿಗೆಲ್ಲ ಅರ್ಜಿ ಹಾಕಿದ್ದನೋ, ಅಂಚೆಯವನನ್ನು ಕಂಡದ್ದೇ ಎದ್ದ.

"ನಂಗೆ ಎಂತಾದ್ರೂ ಅದೆಯಾ ಮೋಹನಾ?"

"ಇವತ್ತೆಂತ ಇಲ್ಲ ಉಮೇಶಣ್ಣ" ಎಂದ ಮೋಹನ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾ.

ತಿಮ್ಮಕ್ಕ ದಣಪೆಯಲ್ಲಿ ನಿಂತು ಅವನ ಕೊಡೆ ಕಟ್ಟೆ ದಾಟುವ ತನಕ ನೋಡಿದಳು. ಆಮೇಲೆ ಬಾಗಿ, ಒಂದೊಂದಾಗಿ, ಕೆಸರಿನಿಂದ ಕಾಲು ಕಿತ್ತುಕೊಂಡಳು.