ಅರ್ಧಕ್ಕೆ ಬಿಟ್ಟ ಗ್ಲಾಸು

ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತೇ ಇದೆ. ನೆಂಟರು ಕೈಗಿಟ್ಟ ಗ್ಲಾಸನ್ನು ಖಾಲಿ ಮಾಡದೆ ಕೆಳಗಿಟ್ಟಿರೋ, ಮುಗೀತು! ಮೂರು ವರ್ಷ ಆಡಿಕೊಳ್ಳುತ್ತಾರೆ. ಮಾಗನೂರಿನ ಅಖಿಲಾ ಆ ಮರ್ಯಾದೆಯಲ್ಲೇ ಬೆಳೆದವಳು.

ಮಕ್ತಲ್‌ನಲ್ಲಿ ಸೋದರಮಾವನ ಮನೆಯಲ್ಲಿ ಮಗಳು ಮೈನೆರೆದ ಹಾಫ್ ಸೀರೆ ಫಂಕ್ಷನ್. ಮನೆಯಲ್ಲಿ ಕುರಿ ಈಯುವುದಿತ್ತೆಂದು ತಾಯಿ ಎಲ್ಲಮ್ಮ ಹೋಗಿರಲಿಲ್ಲ. ಮಧ್ಯಾಹ್ನ ಅಖಿಲಾ ಅರ್ಧ ಕುಡಿದ ಕೂಲ್‌ಡ್ರಿಂಕನ್ನು ಕುರ್ಚಿಯ ಮೇಲಿಟ್ಟು ಫೋಟೋಕ್ಕೆ ನಿಂತಳು. ತಿರುಗಿ ಬಂದರೆ ಮಾವನ ಮಗ ಬಾಲರಾಜ್ ಅದೇ ಗ್ಲಾಸು ಹಿಡಿದು ನಿಂತಿದ್ದ.

"ಅರ್ಧಕ್ಕ ಬಿಡತಾರೇನು? ನಮ್ಮ ಮನೀದು ಸೇರಂಗಿಲ್ಲೇನು ನಿನಗ?"

ಅಖಿಲಾ ನಾಚಿ ಗಟಗಟನೆ ಕುಡಿದುಬಿಟ್ಟಳು.

ಸ್ವಲ್ಪ ಹೊತ್ತಿಗೆ ಎಲ್ಲವೂ ತೇಲತೊಡಗಿತು. ಡೊಳ್ಳಿನ ಸದ್ದು ಕೃಷ್ಣೆಯ ಆಚೆ ದಂಡೆಯಿಂದ ಬಂದ ಹಾಗೆ ಕೇಳಿತು. ಬಾಗಿಲಿನ ಚೆಂಡುಹೂಗಳು ದಾರ ಬಿಡಿಸಿಕೊಂಡು ಒಂದೊಂದಾಗಿ ಗಾಳಿಯಲ್ಲಿ ಹೊರಟವು. ಎಷ್ಟು ಚೆಂದ ಅನಿಸಿತು ಅವಳಿಗೆ! ಏಳಹೋದರೆ ಕಾಲು ತನ್ನವಲ್ಲ. ಕೂಗಹೋದರೆ ನಾಲಿಗೆ ಏಳಲಿಲ್ಲ. "ಮ್ಯಾಲಿನ ರೂಮಿನ್ಯಾಗ ಮಲಗಸ್ತೀನಿ" ಎಂದು ಬಾಲರಾಜ್ ತೋಳು ಹಿಡಿದಾಗ ಆ ಕನಸಿನೊಳಗೂ ಭಯ ಹೊಕ್ಕಿತು.

ಇನ್ನೊಂದು ತೋಳನ್ನು ಊರಿಂದ ಜೊತೆಗೆ ಬಂದಿದ್ದ ಗೆಳತಿ ಶಿವರಂಜನಿ ಹಿಡಿದಳು. "ನೀ ಬಿಡು. ನಾ ಕರಕೊಂಡು ಹೋಗ್ತೀನಿ" ಎಂದವಳೇ ಆಟೋ ಹತ್ತಿಸಿದಳು. ದಾರಿಯಿಂದಲೇ ಊರಿನ ನರ್ಸಮ್ಮ ಝಾನ್ಸಿಗೆ ಫೋನ್ ಮಾಡಿ ಬಾಲರಾಜ್ ಕೊಟ್ಟ ಗ್ಲಾಸಿನ ವಿಷಯ ಹೇಳಿದಳು.

ಮನೆಯ ಹೊರಸಿನ ಮೇಲೆ ಮಲಗಿದ್ದ ಅಖಿಲಾ ಇನ್ನೂ ತೇಲುತ್ತಲೇ ಇದ್ದಳು. ಮಾತುಗಳು ದೂರದಿಂದ ಬರುತ್ತಿದ್ದವು.

"ಬಿಸಲಿಗೆ ತಲಿ ತಿರಿಗೈತಿ, ಅಷ್ಟ. ಮಲಗಿದ್ರ ಸರಿ ಹೋಗ್ತೈತಿ" ಅನ್ನುವುದು ಅವ್ವ.

"ಇದು ಬಿಸಲಲ್ರೀ ಎಲ್ಲಮ್ಮ. ಮತ್ತಿನ ಔಷಧ ಬೆರಸ್ಯಾರ ಅನಸ್ತೈತಿ. ಬಣ್ಣ, ವಾಸನಿ ಏನೂ ಗೊತ್ತಾಗಂಗಿಲ್ಲ. ಉಸರು ನಿಲ್ಲೋ ಧೋಕಾ ಐತಿ. ಈಗಿಂದೀಗ ದವಾಖಾನಿಗೆ ನಡೀರಿ. ಮೂತ್ರ, ರಕ್ತ ಪರೀಕ್ಷೆ ಮಾಡಸ್ಬೇಕು. ತಡ ಆದ್ರ ಗುರ್ತು ಮೈಯಾಗ ಉಳಿಯಂಗಿಲ್ಲ" ಎಂದಳು ಝಾನ್ಸಿ.

"ದವಾಖಾನಿ ಅಂದ್ರ ಪೊಲೀಸ್ರು ಬರ್ತಾರ, ಇಜ್ಜತ್ ಹೋಗ್ತೈತಿ! ಕೊಟ್ಟಾಂವ ನಮ್ಮಣ್ಣನ ಮಗಾರೀ. ನಾಳೆ ಇಕೀಗೆ ಲಗ್ನದ ಮಾತಾಡೋ ಹುಡುಗ. ಹೊರಗಿನಾಂವ ಅಲ್ಲ."

"ಹೊರಗಿನಾಂವ ಕೊಟ್ಟಿದ್ರ ಆಕಿ ಕುಡೀತಿದ್ಲೇನ್ರೀ?"

ಅವ್ವನ ಮುಖ ಹತ್ತಿರ ಬಂದು ಮತ್ತೆ ದೂರ ಸರಿಯುವುದು ಅಖಿಲಾಳಿಗೆ ಕಂಡಿತು. ಆ ಮುಖ ಪೂರ್ತಿ ದೂರವಾದರೆ ತನಗಿನ್ನು ಯಾರೂ ಇಲ್ಲ. ಇದ್ದಬದ್ದ ಬಲವನ್ನೆಲ್ಲ ನಾಲಿಗೆಗೆ ತಂದುಕೊಂಡಳು.

"ಅವ್ವಾ... ನನ್ನ ನಂಬ್ತಿಯಲ್ಲ?"

ಎಲ್ಲಮ್ಮ ಅತ್ತಳು. ಅಳುತ್ತಲೇ ಮಗಳ ಹೆಗಲಿಗೆ ಕೈ ಕೊಟ್ಟು ಎಬ್ಬಿಸಿದಳು. "ಫೋನ್ ಹಚ್ಚರಿ ಝಾನ್ಸಿ, ಗಾಡಿ ಬರ್ಲಿ" ಎಂದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಕೇಳುವ ಮೊದಲೇ ಎಲ್ಲಮ್ಮ ಹೇಳಿದಳು: "ಬರಕೋರಿ. ಹೆಸರು ಬಾಲರಾಜ್. ನನ್ನ ತವರುಮನಿ ಹುಡುಗ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಣ್ಣು ತಪ್ಪಿದ ಗ್ಲಾಸನ್ನು ಯಾರು ಕೊಟ್ಟರೂ ಚೆಲ್ಲಿಬಿಡಿ, ಮರ್ಯಾದೆ ಏನೂ ಹೋಗುವುದಿಲ್ಲ. ಜೊತೆಗೆ ಹೋದವರು ಜೊತೆಗೇ ಬನ್ನಿ. ಗೆಳತಿ ಇದ್ದಕ್ಕಿದ್ದಂತೆ ತೂರಾಡಿದರೆ ಒಬ್ಬಳನ್ನೇ ಬಿಡಬೇಡಿ, ನೇರ ದವಾಖಾನೆಗೆ ಕರೆದೊಯ್ಯಿರಿ. ಪುರಾವೆಗಾಗಿ ಆಕೆ ಕುಡಿದು ಉಳಿದ ಪಾನೀಯವನ್ನು ತೆಗೆದಿಡಿ, ಬಟ್ಟೆ ಒಗೆಯಬೇಡಿ. ತುರ್ತಿಗೆ 112, ಮಹಿಳೆಯರ ಸಹಾಯಕ್ಕೆ 181. ತಪ್ಪು ಕುಡಿದವಳದ್ದಲ್ಲ, ಬೆರೆಸಿದವನದ್ದು. ಮಗಳು ಬಂದು ಹೇಳಿಕೊಂಡಾಗ "ಯಾಕೆ ಹೋಗಿದ್ದೆ" ಎನ್ನಬೇಡಿ. "ನಂಬ್ತೀನಿ, ನಡಿ" ಎನ್ನಿ.